ಬೋನಾಲು: ಬೇಸಿಗೆ ಹೊರಳುವಾಗ ದಖ್ಖನಿನ ಹಬ್ಬಗಳು

ಬೋನಾಲು ಹೈದರಾಬಾದ್ ಮತ್ತು ಸಿಕಂದರಾಬಾದ್ ಅವಳಿ ನಗರಗಳಲ್ಲಿ ಆಷಾಢ ಮಾಸದುದ್ದಕ್ಕೂ ನಡೆಯುವ ಗ್ರಾಮದೇವತೆಯರ ಹಬ್ಬ. ಹೆಂಗಸರು ಅನ್ನಕ್ಕೆ ಹಾಲು, ಬೆಲ್ಲ ಸೇರಿಸಿ ಮಾಡಿದ ನೈವೇದ್ಯವನ್ನು ಮಣ್ಣಿನ ಅಥವಾ ಹಿತ್ತಾಳೆಯ ಗಡಿಗೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಅಮ್ಮನ ಗುಡಿಗೆ ಒಯ್ಯುತ್ತಾರೆ. ಆ ನೈವೇದ್ಯವೇ ಬೋನಂ. ಕನ್ನಡದ ‘ಬೋನ’ವೂ ಅದೇ. ಮಹಾಂಕಾಳಿ, ಎಲ್ಲಮ್ಮ, ಪೋಚಮ್ಮ, ಮೈಸಮ್ಮ, ಪೆದ್ದಮ್ಮ, ಅಂಕಾಳಮ್ಮ ಹೀಗೆ ಗಲ್ಲಿಗೊಂದು ಹೆಸರಿನ ದೇವಿಯರು ಇದನ್ನು ಸ್ವೀಕರಿಸುತ್ತಾರೆ. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದ ಕೂಡಲೇ ಬತುಕಮ್ಮದ ಜೊತೆಗೆ ಬೋನಾಲನ್ನೂ ರಾಜ್ಯದ ಹಬ್ಬವೆಂದು ಘೋಷಿಸಲಾಯಿತು.

ಭೂಮಿಯ ಉತ್ತರಾರ್ಧದಲ್ಲಿ ವರ್ಷದ ಅತಿ ದೀರ್ಘ ಹಗಲು ಜೂನ್ 21ರ ಆಸುಪಾಸಿನಲ್ಲಿ ಬರುತ್ತದೆ. ಆ ದಿನಗಳ ಹಬ್ಬವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಯುರೋಪು. ಸ್ವೀಡನ್ನಿನಲ್ಲಿ ಎಲೆ, ಹೂವು ಸುತ್ತಿದ ಕಂಬ ನೆಟ್ಟು ಅದರ ಸುತ್ತ ಕುಣಿಯುತ್ತಾರೆ. ಮದುವೆಯಾಗದ ಹುಡುಗಿಯರು ಏಳು ಬಗೆಯ ಹೂವುಗಳನ್ನು ದಿಂಬಿನ ಕೆಳಗಿಟ್ಟು ಮಲಗಿದರೆ ಕೈಹಿಡಿಯುವವನು ಕನಸಿನಲ್ಲಿ ಬರುತ್ತಾನೆಂಬ ನಂಬಿಕೆ ಅಲ್ಲಿದೆ. ಫಿನ್ಲೆಂಡಿನವರು ಕೆರೆ ದಂಡೆಯಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ, ಲಾಟ್ವಿಯಾದವರು ಆ ಬೆಂಕಿಯನ್ನು ಜಿಗಿಯುತ್ತಾರೆ. ಕ್ರೈಸ್ತ ಪಂಚಾಂಗದಲ್ಲಿ ಇದು ಜೂನ್ 24ರ ಸಂತ ಜಾನರ ದಿನ. ಪೋರ್ಚುಗೀಸರ ಮೂಲಕ ಗೋವಾಕ್ಕೆ ಬಂದ ಈ ಹಬ್ಬ ಅಲ್ಲಿ ಬೆಂಕಿಯಿಂದ ನೀರಿಗೆ ಇಳಿಯಿತು. ‘ಸಾಂವ್ ಜುಂವ್’ ದಿನ ಗೋವೆಯ ಯುವಕರು ತಲೆಗೆ ಹೂಬಳ್ಳಿಯ ಕಿರೀಟ ತೊಟ್ಟು ತುಂಬಿದ ಬಾವಿಗಳಿಗೆ ಧುಮುಕುತ್ತಾರೆ. ಹೊಸ ಅಳಿಯಂದಿರಿಗೆ ಅಂದು ವಿಶೇಷ ಮರ್ಯಾದೆ.

ಗೋವಾದಲ್ಲಿ ಆದ ಈ ಬದಲಾವಣೆಗೆ ಕಾರಣ ಮಳೆ. ದಖ್ಖನಿನ ಹಬ್ಬಗಳಿಗೂ ಹಗಲಿನ ಉದ್ದಕ್ಕಿಂತ ಮಳೆಯೇ ಮುಖ್ಯ. ಸ್ಟಾಕ್‌ಹೋಮಿನಲ್ಲಿ ಅತಿ ದೀರ್ಘ ಹಗಲು ಹದಿನೆಂಟು ಗಂಟೆ ದಾಟುತ್ತದೆ. ಹೈದರಾಬಾದಿನಲ್ಲಿ ಅದು ಹದಿಮೂರು ಗಂಟೆಗಿಂತ ತುಸುವೇ ಹೆಚ್ಚು. ಹೈದರಾಬಾದಿನ ನಡುನೆತ್ತಿಗೆ ಸೂರ್ಯ ಬರುವುದು ಮೇ ಎರಡನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಜೂನ್ 21ರಂದು ಅವನು ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ಆಕಾಶದಲ್ಲಿ ಮುಂಗಾರಿನ ಮೋಡ ಕವಿದಿರುತ್ತದೆ. ಮೇ ತಿಂಗಳ ಉರಿಯಲ್ಲಿ ಬೆಂದವರಿಗೆ ಬಿಸಿಲನ್ನು ಉಳಿಸಿಕೊಳ್ಳುವ ಹಂಬಲವಿರಲು ಸಾಧ್ಯವಿಲ್ಲ. ಇಲ್ಲಿಯ ಜನ ಕಾಯುವುದು ಮಳೆಗೆ, ಅಂಜುವುದು ಮಳೆಯೊಂದಿಗೆ ಬರುವ ಬೇನೆಗೆ. ದಖ್ಖನಿನ ನಡುಬೇಸಿಗೆಯ ಹಬ್ಬಗಳೆಲ್ಲ ಈ ಎರಡರ ಸುತ್ತಲೇ ಬೆಳೆದಿವೆ. ಬೋನಾಲನ್ನು ತೆಲುಗರದ್ದು, ಕಾರಹುಣ್ಣಿಮೆಯನ್ನು ಕನ್ನಡಿಗರದ್ದು ಎಂದು ಬೇರೆ ಬೇರೆಯಾಗಿ ನೋಡಿದರೆ ಈ ಸಂಬಂಧ ಕಾಣುವುದಿಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯದ ಗಡಿ ಬದಲಾಯಿತು, ಮಳೆಯ ಲೆಕ್ಕ ಬದಲಾಗಲಿಲ್ಲ.

ಆ ಲೆಕ್ಕ ನಡೆಯುವುದು ನಕ್ಷತ್ರಗಳ ಮೇಲೆ. ಪಂಚಾಂಗದಲ್ಲಿ ದಕ್ಷಿಣಾಯನ ಶುರುವಾಗುವುದು ಜುಲೈ 16ರ ಸುಮಾರಿನ ಕರ್ಕ ಸಂಕ್ರಮಣಕ್ಕೆ. ಆಕಾಶದಲ್ಲಿ ಅದು ಜೂನ್ 21ಕ್ಕೇ ಆಗಿಹೋಗಿರುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಶತಮಾನಗಳಲ್ಲಿ ಬೆಳೆದ ಅಂತರವಿದು. ರೈತರಿಗೆ ಅದರ ತೊಡಕಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸುಮಾರು ಹದಿನಾಲ್ಕು ದಿನಗಳಿಗೊಂದು ಮಳೆ ಎಣಿಸುವ ಅವರ ಕ್ರಮದಲ್ಲಿ ಆರಿದ್ರಾ ಮಳೆ ಕೂಡುವುದು ಜೂನ್ 21 ಅಥವಾ 22ಕ್ಕೆ, ಅಂದರೆ ಅತಿ ದೀರ್ಘ ಹಗಲಿನ ಹೊತ್ತಿಗೇ.

ಅದಕ್ಕೂ ಮುಂಚೆ, ಜೂನ್ 7 ಅಥವಾ 8ಕ್ಕೆ ಮೃಗಶಿರಾ. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಇದು ಮಿರಗ. ತೆಲಂಗಾಣದವರಿಗೆ ಮೃಗಶಿರ ಕಾರ್ತೆ. ಅಂದು ಮೀನು ತಿಂದರೆ ಮಳೆಗಾಲದ ಥಂಡಿ ತಟ್ಟುವುದಿಲ್ಲವೆಂಬ ನಂಬಿಕೆಯಿಂದ ಹೈದರಾಬಾದಿನ ಮುಷೀರಾಬಾದ್, ರಾಮನಗರಗಳ ಮೀನು ಮಾರುಕಟ್ಟೆಗಳಲ್ಲಿ ನಸುಕಿನಿಂದಲೇ ಜನ ಮುತ್ತುತ್ತಾರೆ. ಇದೇ ದಿನ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ‘ಮೀನು ಪ್ರಸಾದ’ ಹಂಚಲಾಗುತ್ತದೆ. ಹಳೆಯ ನಗರದ ದೂದ್‌ಬೌಲಿಯ ಬತ್ತಿನಿ ಗೌಡ್ ಮನೆತನದವರು ಪುಟ್ಟ ಜೀವಂತ ಕೊರಮೀನಿನ ಬಾಯಿಗೆ ಹಳದಿ ಬಣ್ಣದ ಔಷಧದ ಉಂಡೆ ಇಟ್ಟು, ಉಬ್ಬಸ ಇರುವವರ ಗಂಟಲಿಗೆ ಇಳಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. 1845ರಲ್ಲಿ ಸಾಧುವೊಬ್ಬರು ತಮ್ಮ ಪೂರ್ವಜರಿಗೆ ಈ ಮದ್ದಿನ ಗುಟ್ಟು ಹೇಳಿಕೊಟ್ಟು, ಹಣ ತೆಗೆದುಕೊಳ್ಳದೆ ಹಂಚಬೇಕೆಂದರು ಎಂಬುದು ಮನೆತನದ ಮಾತು. ಹಲವು ರಾಜ್ಯಗಳಿಂದ ಸಾವಿರಾರು ಜನ ಬರುತ್ತಾರೆ. ಇದರಿಂದ ಉಬ್ಬಸ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ವಿಚಾರವಾದಿಗಳ ಆಕ್ಷೇಪದ ನಂತರ ‘ಮೀನಿನ ಔಷಧ’ ಎಂಬ ಹೆಸರು ‘ಮೀನು ಪ್ರಸಾದ’ವಾಯಿತು. ಇದನ್ನು ನಂಬಿ ಉಬ್ಬಸದವರು ವೈದ್ಯರು ಕೊಟ್ಟ ಔಷಧ ನಿಲ್ಲಿಸುವುದು ಅಪಾಯ. ಆದರೂ ಮಳೆ ಹಿಡಿಯುವ ದಿನವೇ ಉಸಿರಿನ ಬೇನೆಯನ್ನು ನೆನೆಯುವ ಈ ಪದ್ಧತಿಯ ಹಿಂದೆ ಋತುವಿನ ಅನುಭವವಂತೂ ಇದೆ.

ಜ್ಯೇಷ್ಠದ ಹುಣ್ಣಿಮೆ ಎತ್ತುಗಳದ್ದು. ತೆಲಂಗಾಣದಲ್ಲಿ ಏರುವಾಕ ಪೂರ್ಣಿಮ ಎನ್ನುತ್ತಾರೆ, ಕರ್ನಾಟಕದಲ್ಲಿ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಹೋಳಿಗೆ ಕಡುಬು ತಿನ್ನಿಸಿ, ಸಂಜೆ ಊರ ಅಗಸೆಯಲ್ಲಿ ಕರಿ ಹರಿಯುತ್ತಾರೆ. ಬೇವಿನ ಸೊಪ್ಪು ಕಟ್ಟಿದ ಹಗ್ಗವನ್ನು ಅಡ್ಡ ಹಿಡಿದು ಎತ್ತುಗಳನ್ನು ಓಡಿಸುವುದು. ಯಾವ ಎತ್ತು ಮೊದಲು ಹಗ್ಗ ಹರಿಯುತ್ತದೋ ಅದರ ಬಣ್ಣ ಆ ವರ್ಷದ ಬೆಳೆಯನ್ನು ಹೇಳುತ್ತದೆ. ಬಿಳಿಯ ಎತ್ತು ಹರಿದರೆ ಹಿಂಗಾರಿ, ಬಿಳಿಜೋಳ ಚೆನ್ನ. ಕೆಂದೆತ್ತು ಹರಿದರೆ ಮುಂಗಾರಿ ಪೀಕು. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಇದೇ ಹುಣ್ಣಿಮೆಗೆ ‘ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬ’ ನಡೆಸುತ್ತಾರೆ. ಅದರಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆಗೆ ತೆಲಂಗಾಣ, ಆಂಧ್ರಗಳ ಜೋಡಿಗಳೂ ಬರುತ್ತವೆ. ತೆಲುಗು ಮೂಲದ ಸಮಾಜವೊಂದು ಕನ್ನಡ ಊರಿನಲ್ಲಿ ನಡೆಸುವ ಈ ಹಬ್ಬ, ದಖ್ಖನಿನ ಮಳೆಯ ಪಂಚಾಂಗಕ್ಕೆ ಭಾಷೆಯ ಗಡಿಯಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲದ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸಿದ ಮರುದಿನದಿಂದ ಆಷಾಢ.

ಆಷಾಢದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೋನಾಲಿನ ನಂಬಿಕೆಯಲ್ಲಿ ಅಮ್ಮನೂ ಈ ತಿಂಗಳು ತವರಿಗೆ ಬಂದಿರುತ್ತಾಳೆ. ಊರಿನವರು ಮಗಳನ್ನು ಬರಮಾಡಿಕೊಂಡಂತೆ ಅವಳಿಗೆ ಸೀರೆ, ಬಳೆ, ಅನ್ನ ಕೊಟ್ಟು ಉಪಚರಿಸುತ್ತಾರೆ. ಉಗ್ರದೇವಿಯೆಂದು ಹೆಸರಾದ ಮಹಾಂಕಾಳಿ ಇಲ್ಲಿ ಮನೆಮಗಳೂ ಹೌದು. ಈ ಎರಡು ಭಾವಗಳು ಒಂದರೊಳಗೊಂದು ಬೆರೆತಿರುವುದೇ ಬೋನಾಲಿನ ಜೀವಾಳ.

ಬೋನ ಸಿದ್ಧವಾಗುವುದನ್ನು ಹತ್ತಿರದಿಂದ ನೋಡಬೇಕು. ಮನೆಯ ಹೆಂಗಸರು ನಸುಕಿನಲ್ಲಿ ಮಿಂದು, ಹೊಸ ಗಡಿಗೆಯ ಹೊರಮೈಗೆ ಅರಿಶಿನ ಹಚ್ಚಿ, ಕುಂಕುಮದ ಬೊಟ್ಟುಗಳನ್ನಿಟ್ಟು, ಸುಣ್ಣದ ಗೆರೆ ಎಳೆಯುತ್ತಾರೆ. ಅನ್ನ ತುಂಬಿದ ಮೇಲೆ ಗಡಿಗೆಯ ಕೊರಳಿಗೆ ಬೇವಿನ ಎಸಳುಗಳನ್ನು ಸುತ್ತ ಕಟ್ಟಿ, ಬಾಯಿಗೆ ಮುಚ್ಚಳವಿಟ್ಟು, ಅದರ ಮೇಲೆ ದೀಪ ಹಚ್ಚುತ್ತಾರೆ. ಅದನ್ನು ತಲೆಗೇರಿಸಿಕೊಂಡು ಡಪ್ಪಿನ ‘ತೀನ್‌ಮಾರ್’ ಬಡಿತದ ನಡುವೆ ನಡೆಯುವ ಹೆಂಗಸಿನ ಮೈಯಲ್ಲಿ ಅಮ್ಮನಿದ್ದಾಳೆಂದು ನಂಬಿ, ದಾರಿಯ ಮನೆಗಳವರು ಅವಳ ಪಾದಕ್ಕೆ ನೀರು ಹೊಯ್ಯುತ್ತಾರೆ. ಉರಿಯುವ ದೇವಿಯನ್ನು ತಂಪು ಮಾಡುವ ಕ್ರಮವದು. ಅರಿಶಿನ, ಬೇವು ಬೆರೆಸಿದ ನೀರನ್ನು ಗುಡಿಯ ಮುಂದೆ ಸುರಿಯುವುದಕ್ಕೆ ‘ಸಾಕ’ ಎನ್ನುತ್ತಾರೆ. ಬಿದಿರಿನ ಕಡ್ಡಿ, ಬಣ್ಣದ ಕಾಗದಗಳಿಂದ ಕಟ್ಟಿದ ‘ತೊಟ್ಟೆಲ’ಗಳೂ ಮೆರವಣಿಗೆಯಲ್ಲಿ ಬಂದು ಗುಡಿ ಸೇರುತ್ತವೆ. ಅರ್ಪಿಸಿದ ಬೋನ ಮನೆಗೆ ಮರಳಿ ಎಲ್ಲರಿಗೂ ಹಂಚಿಕೆಯಾಗುತ್ತದೆ; ಆ ಮಧ್ಯಾಹ್ನ ನೆಂಟರಿಷ್ಟರೊಂದಿಗೆ ಮಾಂಸದೂಟ.

ಮೆರವಣಿಗೆಯ ಮುಂದೆ ಪೋತರಾಜ. ಬರಿಮೈಗೆ ಅರಿಶಿನ, ಹಣೆಗೆ ಅಗಲವಾದ ಕುಂಕುಮ, ಸೊಂಟಕ್ಕೆ ಕೆಂಪು ಧೋತರ ಮತ್ತು ಬೇವಿನ ಸೊಪ್ಪು, ಕಾಲಿಗೆ ಗೆಜ್ಜೆ, ಕೈಯಲ್ಲಿ ಹುರಿ ಹೆಣೆದ ಚಾವಟಿ. ಅವನು ಅಮ್ಮನ ತಮ್ಮ, ಅವಳ ಕಾವಲುಗಾರ. ಅಮ್ಮನಿಗೆ ಒಪ್ಪಿಸುವ ಫಲಹಾರ ಹೊತ್ತ ಬಂಡಿಯ ಮುಂದೆ ಅವನು ಚಾವಟಿ ಬೀಸುತ್ತ ಕುಣಿಯುವಾಗ ಓಣಿಯ ಹುಡುಗರೆಲ್ಲ ಹಿಂದೆ ಸೇರುತ್ತಾರೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಗ್ರಾಮದೇವತೆಗಳ ಕುರಿತ ಪುಸ್ತಕದಲ್ಲಿ ಏಳು ಅಕ್ಕತಂಗಿಯರಾದ ದೇವಿಯರಿಗೆ ಪೋತುರಾಜ ಒಬ್ಬನೇ ಸೋದರನೆಂಬ ನಂಬಿಕೆಯನ್ನು ದಾಖಲಿಸಿದ್ದಾನೆ. ಉತ್ತರ ಕರ್ನಾಟಕದ ದ್ಯಾಮವ್ವ, ದುರ್ಗವ್ವನ ಜಾತ್ರೆಗಳಲ್ಲೂ ಪೋತರಾಜನಿದ್ದಾನೆ. ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತ ಹೆಂಡತಿ, ಚಾವಟಿಯಿಂದ ಮೈಗೆ ಬಾರಿಸಿಕೊಳ್ಳುವ ಗಂಡ ಹೀಗೆ ಊರೂರು ಅಲೆಯುವ ದುರುಗಮುರಗಿಯವರು ಕೂಡ ಇದೇ ಬಳಗ. ಒಂದು ವ್ಯತ್ಯಾಸವನ್ನು ಮರೆಯಬಾರದು. ಹಳ್ಳಿಯಲ್ಲಿ ಪೋತರಾಜನಾಗುವುದು ದಲಿತ ಕುಟುಂಬಗಳ ಮೇಲೆ ಜಾತಿವ್ಯವಸ್ಥೆ ಹೊರಿಸಿದ ಪಾಳಿಯ ಕೆಲಸವಾಗಿತ್ತು. ಹೈದರಾಬಾದಿನಲ್ಲಿ ಇಂದು ಮೈಕಟ್ಟಿನ ಯುವಕರು ತಾವಾಗಿ ಒಪ್ಪಿ, ವ್ಯಾಯಾಮ ಮಾಡಿ ತೊಡುವ ವೇಷ.

ಹಬ್ಬ ಮೊದಲು ಶುರುವಾಗುವುದು ಗೋಲ್ಕೊಂಡದಲ್ಲಿ. 1687ರಲ್ಲಿ ಔರಂಗಜೇಬನ ವಶವಾಗುವವರೆಗೆ ಕುತುಬ್ ಷಾಹಿಗಳ ಕೈಯಲ್ಲಿದ್ದ ಈ ಕೋಟೆಯ ಮೇಲ್ಭಾಗದಲ್ಲಿ, ಬಂಡೆಗಳ ನಡುವೆ ಜಗದಂಬಿಕೆಯ ಚಿಕ್ಕ ಗುಡಿಯಿದೆ. ಲಂಗರ್ ಹೌಸ್‌ನಿಂದ ಹೊರಡುವ ಮೆರವಣಿಗೆ ಕೋಟೆ ಸೇರಿ, ಬೋನ ಹೊತ್ತ ಹೆಂಗಸರು ನೂರಾರು ಮೆಟ್ಟಿಲು ಹತ್ತುತ್ತಾರೆ. ಅಲ್ಲಿಂದ ಮುಂದಿನ ಭಾನುವಾರಗಳಲ್ಲಿ ಹಬ್ಬ ಸಿಕಂದರಾಬಾದಿಗೆ, ಬಳಿಕ ಹಳೆಯ ನಗರದ ಲಾಲ್ ದರವಾಜಕ್ಕೆ ಸರಿಯುತ್ತದೆ. ನಡುವೆ ಒಂದು ಮಂಗಳವಾರ ಬಲ್ಕಂಪೇಟೆಯ ಎಲ್ಲಮ್ಮನ ಕಲ್ಯಾಣ. ಈ ಎಲ್ಲಮ್ಮ ನೆಲಮಟ್ಟಕ್ಕಿಂತ ಕೆಳಗೆ, ಬಾವಿಯಂಥ ಗರ್ಭಗುಡಿಯಲ್ಲಿದ್ದಾಳೆ. ಅಲ್ಲಿಯ ನೀರೇ ತೀರ್ಥ. ಸವದತ್ತಿಯ ರೇಣುಕಾ ಎಲ್ಲಮ್ಮನಿಗೆ ನಡೆದುಕೊಳ್ಳುವ ಕನ್ನಡಿಗರಿಗೆ ಇವಳು ಹೊಸಬಳಲ್ಲ.

ಸಿಕಂದರಾಬಾದಿನ ಜನರಲ್ ಬಜಾರಿನ ಉಜ್ಜಯಿನಿ ಮಹಾಂಕಾಳಿಯ ಹಬ್ಬಕ್ಕೆ ‘ಲಷ್ಕರ್ ಬೋನಾಲು’ ಎಂದು ಹೆಸರು. ಲಷ್ಕರ್ ಎಂದರೆ ಸೈನ್ಯ, ಹಬ್ಬದ ಕಥೆಯೂ ಸೈನ್ಯದ್ದೇ. 1813ರಲ್ಲಿ ಅವಳಿ ನಗರಗಳಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ ಸಾವಿರಾರು ಜನ ಸತ್ತರು. ಆಗ ಇಲ್ಲಿಯ ಪಡೆಯೊಂದು ಉಜ್ಜಯಿನಿಯಲ್ಲಿತ್ತು. ಅದರಲ್ಲಿ ಡೋಲಿ ಹೊರುವ ಕೆಲಸದಲ್ಲಿದ್ದ ಸುರಿಟಿ ಅಪ್ಪಯ್ಯ ಅಲ್ಲಿಯ ಮಹಾಕಾಳಿಗೆ ಹರಕೆ ಹೊತ್ತು, ರೋಗ ಅಡಗಿದ ಮೇಲೆ ಮರಳಿ ಬಂದು 1815ರಲ್ಲಿ ಮರದ ಮೂರ್ತಿ ನಿಲ್ಲಿಸಿದನು; 1864ರಲ್ಲಿ ಅದರ ಜಾಗಕ್ಕೆ ಕಲ್ಲಿನ ಮೂರ್ತಿ ಬಂತು ಎಂದು ದೇವಾಲಯದ ಪರಂಪರೆ ಹೇಳುತ್ತದೆ. ಆ ರೋಗವನ್ನು ಕೆಲವರು ಪ್ಲೇಗ್ ಎನ್ನುತ್ತಾರೆ, ಕೆಲವರು ಕಾಲರಾ ಎನ್ನುತ್ತಾರೆ. ಮಳೆಗಾಲದ ಬೇನೆಯಾದ್ದರಿಂದ ಕಾಲರಾ ಎಂಬ ಮಾತಿಗೆ ಹೆಚ್ಚು ತೂಕವಿದೆ. ಮೊದಲ ಮಳೆಗೆ ಕೊಚ್ಚೆ ಬಾವಿಗೆ ಸೇರಿ ವಾಂತಿಭೇದಿ ಹರಡುವುದು ಕೊಳಾಯಿ ಬರುವ ಮುಂಚಿನ ಊರುಗಳ ವರ್ಷಾವರ್ಷದ ಅನುಭವ. ರೋಗಕ್ಕೆ ದೇವಿಯ ಹೆಸರಿಟ್ಟು ಗುಡಿ ಕಟ್ಟುವುದು ಕನ್ನಡನಾಡಿನಲ್ಲೂ ನಡೆದಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ ಅಲ್ಲಿ ಪ್ಲೇಗಮ್ಮನ ಗುಡಿಗಳೆದ್ದವು.

ಸಾಮಾನ್ಯ ಡೋಲಿ ಹೊರುವವನೊಬ್ಬ ಕಟ್ಟಿದ ಗುಡಿಗೆ ಇಂದು ಸರ್ಕಾರವೇ ರೇಷ್ಮೆ ವಸ್ತ್ರ ತಂದು ಒಪ್ಪಿಸುತ್ತದೆ ಎಂಬುದನ್ನು ನೆನೆದರೆ ಈ ಹಬ್ಬ ಯಾರಿಂದ ಬೆಳೆದು ಬಂತೆಂಬುದು ತಿಳಿಯುತ್ತದೆ.

ಲಾಲ್ ದರವಾಜದ ಸಿಂಹವಾಹಿನಿ ಮಹಾಂಕಾಳಿಯ ನೆನಪು ರೋಗದ್ದಲ್ಲ, ನೆರೆಯದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿತು. ಸತ್ತವರು ಸುಮಾರು 15,000 ಎಂಬ ಅಂದಾಜಿದೆ. ಅಫ್ಜಲ್‌ಗಂಜಿನ ಹುಣಸೆ ಮರವೊಂದನ್ನು ಹತ್ತಿದ ನೂರೈವತ್ತು ಜನ ಬದುಕಿದರು. ಆಗಿನ ಪ್ರಧಾನಿ ಕಿಶನ್ ಪ್ರಸಾದ್ ಅವರ ಸಲಹೆಯಂತೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ನದಿಗೆ ಬಾಗಿನ ಅರ್ಪಿಸಿ ದೇವಿಯನ್ನು ಪ್ರಾರ್ಥಿಸಿದನೆಂದೂ, ಲಾಲ್ ದರವಾಜದ ಬೋನಾಲು ಅಲ್ಲಿಂದ ದೊಡ್ಡದಾಯಿತೆಂದೂ ಜನ ಹೇಳುತ್ತಾರೆ. ನೆರೆಗೆ ಇನ್ನೊಂದು ಉತ್ತರವನ್ನು ಕೊಟ್ಟವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1909ರಲ್ಲಿ ಹೈದರಾಬಾದ್ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರ ಯೋಜನೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನದಿಗೆ ಬಾಗಿನವನ್ನೂ ಅಣೆಕಟ್ಟನ್ನೂ ಕೊಟ್ಟ ನಗರ ಎರಡನ್ನೂ ಉಳಿಸಿಕೊಂಡಿದೆ. ಹಳೆಯ ನಗರದ ಹಬ್ಬದ ಕೊನೆಗೆ ಹರಿಬೌಲಿಯ ಅಕ್ಕನ್ನ ಮಾದನ್ನ ಗುಡಿಯಿಂದ ಆನೆಯ ಮೇಲೆ ಘಟದ ಮೆರವಣಿಗೆ ಹೊರಡುತ್ತದೆ. ಅಕ್ಕನ್ನ, ಮಾದನ್ನ ಕೊನೆಯ ಕುತುಬ್ ಷಾಹಿ ಸುಲ್ತಾನ ಅಬುಲ್ ಹಸನ್ ತಾನಾಷಾನ ಮಂತ್ರಿಗಳಾಗಿದ್ದ ಸೋದರರು. ಅಮ್ಮನ ರೂಪದಲ್ಲಿ ಅಲಂಕರಿಸಿದ ಘಟಗಳು ಚಾರ್‌ಮಿನಾರ್ ದಾಟಿ, ನಯಾಪುಲ್ ಬಳಿ ಮೂಸಿಯಲ್ಲಿ ವಿಸರ್ಜನೆಯಾಗುತ್ತವೆ.

ಸಿಕಂದರಾಬಾದಿನಲ್ಲಿ ಬೋನಾಲಿನ ಮರುದಿನ, ಸೋಮವಾರ ಬೆಳಿಗ್ಗೆ ‘ರಂಗಂ’. ದೇವಿಗೆ ಮೀಸಲಾದ ಅವಿವಾಹಿತ ಮಹಿಳೆಯೊಬ್ಬಳು ಸುಡದ ಹಸಿ ಮಣ್ಣಿನ ಗಡಿಗೆಯ ಮೇಲೆ ನಿಂತು ವರ್ಷದ ಭವಿಷ್ಯ ಹೇಳುತ್ತಾಳೆ. ಅರ್ಚಕರು ಕೇಳುತ್ತಾರೆ: ಮಳೆ ಹೇಗೆ, ಬೆಳೆ ಹೇಗೆ, ರೋಗರುಜಿನ ಬರುವುದೇ, ನಿನ್ನ ಪೂಜೆಯಲ್ಲಿ ಕೊರತೆಯಾಯಿತೇ? ಅವಳು ಒಮ್ಮೆ ಗದರಿಸುತ್ತಾಳೆ, ಒಮ್ಮೆ ಕಾಯುತ್ತೇನೆ ಎಂದು ಅಭಯ ಕೊಡುತ್ತಾಳೆ. ತೆಲುಗು ಟಿವಿ ಚಾನೆಲ್‌ಗಳು ಇದನ್ನು ನೇರ ಪ್ರಸಾರ ಮಾಡುತ್ತವೆ. 2020ರಲ್ಲಿ ಕೊರೊನಾದಿಂದಾಗಿ ಬೋನಾಲು ಗುಡಿಗಳೊಳಗೆ ಸೀಮಿತವಾದಾಗಲೂ ರಂಗಂ ಭಕ್ತರ ಗುಂಪಿಲ್ಲದೆ ನಡೆಯಿತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಮಳೆ, ಬೆಳೆ, ರಾಜಕೀಯಕ್ಕೆ ಹೊಂದಿಸಿ ಅರ್ಥ ಮಾಡುವ ಕನ್ನಡಿಗರಿಗೆ ರಂಗಂ ಚೆನ್ನಾಗಿ ಅರ್ಥವಾಗುತ್ತದೆ. ಮೈಲಾರದ ಮಾತು ಒಗಟು, ಕೇಳಿದವರು ಬಿಡಿಸಿಕೊಳ್ಳಬೇಕು. ರಂಗದ ಮಾತು ತಾಯಿ ಮಕ್ಕಳ ಸಂವಾದ.

ಹಿಂದೆ ಈ ಹಬ್ಬದಲ್ಲಿ ಕೋಣ ಕಡಿಯುತ್ತಿದ್ದರು. ಮುಂದೆ ಪ್ರಾಣಿಬಲಿ ನಿಷೇಧದ ಕಾಯ್ದೆ ಬಂತು, ಕರ್ನಾಟಕದಲ್ಲಿ ಅದು ಬಂದದ್ದು 1959ರಲ್ಲಿ. ಗುಡಿಯ ಮುಂದೆ ಈಗ ಒಡೆಯುವುದು ಬೂದುಗುಂಬಳ, ತೆಂಗಿನಕಾಯಿ, ಕೊಯ್ಯುವುದು ನಿಂಬೆಹಣ್ಣು; ಕೋಳಿ, ಕುರಿ ಮನೆಗಳಲ್ಲಿ ಮುಂದುವರಿದಿವೆ.

ಆಷಾಢದ ಈ ಅಂಜಿಕೆ, ಈ ಆರೈಕೆ ಕರ್ನಾಟಕದಲ್ಲಿ ಬೇರೆ ಬೇರೆ ರೂಪ ತಳೆದಿವೆ. ಉತ್ತರ ಕರ್ನಾಟಕದ ಹುಡುಗಿಯರು ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಅಂಟಿಸಿ, ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮೈಸೂರಿನಲ್ಲಿ ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನಸಾಗರ. ಕಾಸರಗೋಡಿನವರೆಗಿನ ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ತಾಳೆಗರಿಯ ಕೊಡೆ ಹಿಡಿದ ಆಟಿ ಕಳೆಂಜ ಮನೆ ಬಾಗಿಲಿಗೆ ಬಂದು ರೋಗ, ಕೇಡು ಕಳೆಯುತ್ತಾನೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂಬ ನಂಬಿಕೆಗೂ, ನಡುಬೇಸಿಗೆಯ ರಾತ್ರಿ ಕಿತ್ತ ಗಿಡಮೂಲಿಕೆಗೆ ಹೆಚ್ಚು ಶಕ್ತಿಯೆಂಬ ಯುರೋಪಿನ ಹಳ್ಳಿಗಳ ನಂಬಿಕೆಗೂ ಇರುವ ಹೋಲಿಕೆ ಗಮನಾರ್ಹ. ಹಾಲೆ ಕಷಾಯದ ವಿಷಯದಲ್ಲಿ ಒಂದು ಎಚ್ಚರ: ಗುರುತು ತಪ್ಪಿ ಬೇರೆ ಮರದ ತೊಗಟೆ ತಂದರೆ ಅದು ಪ್ರಾಣಕ್ಕೇ ಮುಳುವಾಗಬಹುದು, ಮರ ಬಲ್ಲ ಹಿರಿಯರಿಲ್ಲದೆ ಆ ಕೆಲಸಕ್ಕೆ ಇಳಿಯಬಾರದು.

ಬೋನಾಲು ನೋಡಲು ಹೋಗುವವರಿಗೆ ಸಿಕಂದರಾಬಾದಿನ ಭಾನುವಾರ ಮತ್ತು ಮರುದಿನದ ರಂಗಂ ಎರಡನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಬೀದರ್, ಕಲಬುರಗಿ, ರಾಯಚೂರುಗಳಿಂದ ನೇರ ರೈಲುಗಳಿವೆ. ಹಬ್ಬ ಚಾಂದ್ರಮಾನದ್ದಾದ್ದರಿಂದ ದಿನಾಂಕ ವರ್ಷವರ್ಷಕ್ಕೂ ಬದಲಾಗುತ್ತದೆ. 2015ರಂತೆ ಆಷಾಢವೇ ಅಧಿಕವಾದ ವರ್ಷ ಹಬ್ಬ ನಿಜ ಆಷಾಢಕ್ಕೆ ಸರಿದು ಆಗಸ್ಟಿಗೂ ಮುಂದುವರಿಯುತ್ತದೆ. ಪಂಚಾಂಗ ನೋಡಿಕೊಂಡೇ ಟಿಕೆಟ್ ತೆಗೆಸಬೇಕು.